ಋತುವಾಚಕಗಳೂ ಇಂಗ್ಲಿಷಿನ ‘ದಿ’ ಎಂಬ ಪದವೂ

ಚರಿತ್ರೆಯ ಉತ್ತರಗಳನ್ನು ಇಂಗ್ಲಿಷಿನಲ್ಲಿ ಬರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ, ಅವರು ಜಯನಗರ ಬನಶಂಕರಿಗಳವರಾಗಲಿ ಬೇರೆಡೆಯವರಾಗಲಿ, ಒಂದು ಪ್ರಯೋಗವು ಪದೇ ಪದೇ ಕಾಣಬರುತ್ತದೆ. ‘ಮಳೆಗಾಲದಲ್ಲಿ’ ಎಂಬುದನ್ನು ಅವರು ‘ಇನ್ ರೇನಿ ಸೀಸನ್’ ಎಂದು ಬರೆಯುವರು. ‘ಇನ್ ಸಮ್ಮರ್’ ಎಂಬುದು ಸಾಧುವಾಗಿರಲು ಇದೇಕೆ ಅಸಾಧುವೆಂದು ಕೇಳುವರು. ಪ್ರಶ್ನೆಯು ಯುಕ್ತವಾದುದೇ, ಅದಕ್ಕೆ ಉತ್ತರವನ್ನು ಹೇಳುವುದು ಈ ಲೇಖನದ ಉದ್ದೇಶ.

ಕನ್ನಡದಲ್ಲಿ ‘ದಿ’ ಎಂಬುದಕ್ಕೆ ಸಮನಾದ ಪದವಿಲ್ಲ. ‘ಬೇಸಿಗೆಯಲ್ಲಿ’ ಎಂದರೆ ಪ್ರತಿ ವರ್ಷದ ಬೇಸಿಗೆಯೂ ಆಗಬಹುದು, ಒಂದು ವರ್ಷದ ಬೇಸಿಗೆಯೂ ಆಗಬಹುದು; ಸಂದರ್ಭವೇ ಅರ್ಥವನ್ನು ನಿಶ್ಚಯಿಸುತ್ತದೆ. ವಿಶೇಷವಾಗಿ ಹೇಳಬೇಕಾದಾಗ ‘ಆ ಬೇಸಿಗೆಯಲ್ಲಿ’ ಎನ್ನುತ್ತೇವೆ.

ಇಂಗ್ಲಿಷಿನ ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಎಂಬ ನಾಲ್ಕು ಹೆಸರುಗಳು ಅಂಕಿತನಾಮಗಳಿಗೆ ಸಮೀಪವಾದುವು. ಆದಕಾರಣ ಸಾಮಾನ್ಯಾರ್ಥದಲ್ಲಿ ‘ಇನ್ ಸಮ್ಮರ್’ ಎಂದರೂ ‘ಇನ್ ದಿ ಸಮ್ಮರ್’ ಎಂದರೂ ಸರಿಯೇ. ಅಮೆರಿಕದವರ ‘ಫಾಲ್’ ಎಂಬ ಪದಕ್ಕೆ ಮಾತ್ರ ‘ದಿ’ ಸೇರುವುದೇ ರೂಢಿ. ‘ಲಾಸ್ಟ್ ಸಮ್ಮರ್’, ‘ದಿಸ್ ವಿಂಟರ್’ ಎಂಬಲ್ಲಿ ‘ದಿ’ ಬರುವುದಿಲ್ಲ. ಆದರೆ ವರ್ಷವನ್ನು ಹೇಳಿ ಋತುವನ್ನು ನಿರ್ದೇಶಿಸಿದಾಗ, ‘ಇನ್ ದಿ ಸಮ್ಮರ್ ಆಫ್ ೧೭೯೧’ ಎಂಬಂತೆ, ಅದು ಅವಶ್ಯವಾಗಿ ಬರತಕ್ಕದ್ದು.

‘ರೇನಿ ಸೀಸನ್’ ಎಂಬುದಾದರೋ ಹೆಸರಲ್ಲ, ವರ್ಣನೆ. ‘ಸೀಸನ್’ ಎಂಬುದು ಸಾಮಾನ್ಯ ನಾಮಪದ. ವರ್ಷದ ಭಾಗಗಳಲ್ಲಿ ಮಳೆಯುಳ್ಳ ಭಾಗ ಯಾವುದೋ ಅದು ಎಂದು ಗೊತ್ತುಪಡಿಸಲು ‘ದಿ’ ಬೇಕೇ ಬೇಕು. ‘ದಿ ಮಾನ್ಸೂನ್’, ‘ದಿ ರೇನ್ಸ್’ ಎಂಬುವಕ್ಕೂ ಇದೇ ನ್ಯಾಯ. ಇಂಗ್ಲೆಂಡಿನ ನಾಲ್ಕು ಋತುಗಳಲ್ಲಿ ನಮ್ಮ ಮಳೆಗಾಲಕ್ಕೆ ಸ್ಥಾನವಿಲ್ಲದ್ದರಿಂದ ಆ ಭಾಷೆಯಲ್ಲಿ ಅದಕ್ಕೆ ಅಂಕಿತದಂಥ ಹೆಸರು ಹುಟ್ಟಲಿಲ್ಲ. ನಮ್ಮ ನಾಡಿನ ಮುಖ್ಯ ಋತುವಿನಲ್ಲಿಯೇ ನಮ್ಮವರು ಎಡವುವುದು ಈ ಕಾರಣದಿಂದ.

ಚರಿತ್ರೆಯ ವಿದ್ಯಾರ್ಥಿಗೆ ಇದು ಕೇವಲ ವ್ಯಾಕರಣದ ವಿಚಾರವಲ್ಲ. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದು, ಅರಕೆರೆಯ ಯುದ್ಧದಲ್ಲಿ ಮೇಲುಗೈ ಪಡೆದನು. ಆದರೂ ಮಳೆ, ಆಹಾರದ ಅಭಾವ, ಎತ್ತುಗಳ ಸಾವು ಇವುಗಳಿಂದ ಕಂಗೆಟ್ಟು, ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಹಿಂದಿರುಗಿದನು. ಇದನ್ನು ‘ಇನ್ ದಿ ರೇನ್ಸ್ ಆಫ್ ೧೭೯೧’ ಎಂದು ಬರೆದರೆ ಒಂದು ಘಟನೆಯ ನಿರೂಪಣೆ. ವರ್ಷವನ್ನು ಬಿಟ್ಟು, ಮಳೆಗಾಲದಲ್ಲಿ ಸೈನ್ಯಗಳು ಹಿಮ್ಮೆಟ್ಟುತ್ತಿದ್ದುವೆಂಬ ಅರ್ಥ ಬರುವಂತೆ ಬರೆದರೆ, ಒಂದು ನಿದರ್ಶನದಿಂದ ಒಂದು ನಿಯಮವನ್ನೇ ಸ್ಥಾಪಿಸಿದಂತಾಯಿತು. ಅದಕ್ಕೆ ಬೇರೆ ಆಧಾರಗಳು ಬೇಕು. ‘ರೇನಿ ಸೀಸನ್’ ಎಂಬುದಕ್ಕೆ ‘ದಿ’ ಎರಡರ್ಥಗಳಲ್ಲಿಯೂ ಬರುವುದರಿಂದ, ಇಲ್ಲಿ ವರ್ಷವನ್ನು ಹೇಳುವುದು ಮತ್ತಷ್ಟು ಅವಶ್ಯಕ.

ಇನ್ನೊಂದು ಎಚ್ಚರಿಕೆಯುಂಟು. ಇಂಗ್ಲೆಂಡಿನ ಗಣನೆಯಲ್ಲಿ ಮಾರ್ಚಿಯಿಂದ ಮೇವರೆಗೆ ಸ್ಪ್ರಿಂಗ್. ನಮಗೆ ಅದೇ ಬೇಸಿಗೆ. ಆದುದರಿಂದ ಋತುವಿನೊಡನೆ ತಿಂಗಳನ್ನೂ ಸೂಚಿಸುವುದು ಲೇಸು.

ಬರೆಯುವ ಮುನ್ನ ಕನ್ನಡದಲ್ಲಿ ‘ಆ’ ಅಥವಾ ‘ಆ ವರ್ಷದ’ ಎಂಬುದನ್ನು ಋತುವಿನ ಹಿಂದೆ ಸೇರಿಸಿ ನೋಡಬೇಕು. ಅರ್ಥ ಕೂಡಿದರೆ ‘ದಿ’ ಸೇರಿಸಿ ವರ್ಷವನ್ನು ಹೇಳತಕ್ಕದ್ದು. ಕೂಡದಿದ್ದರೆ ಹೇಳುತ್ತಿರುವುದು ಎಲ್ಲ ವರ್ಷಗಳ ಮಾತೆಂದು ತಿಳಿದು, ಅಷ್ಟನ್ನು ಹೇಳಲು ಆಧಾರವುಂಟೇ ಎಂದು ತನ್ನನ್ನೇ ಕೇಳಿಕೊಳ್ಳತಕ್ಕದ್ದು.