ಮೂಕನಟನೊಬ್ಬನ ಅವತರಣ

ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನ ನಾಟಕಶಾಲೆಗಳಲ್ಲಿ ಛಾವಣಿಗೆ ತಾಗುವಂತಿದ್ದ ತುತ್ತತುದಿಯ ಮಾಳಿಗೆಗೆ, ಎಂದರೆ ಬಡಜನರು ಅಲ್ಪ ಕಾಸನ್ನು ತೆತ್ತು ಒತ್ತೊತ್ತಾಗಿ ಕುಳಿತು, ಮೆಚ್ಚಿದರೆ ಚಪ್ಪಾಳೆಯಿಂದಲೂ ಮೆಚ್ಚದಿದ್ದರೆ ಕೂಗಾಟದಿಂದಲೂ ನಟನ ಹಣೆಯಬರಹವನ್ನು ನಿರ್ಣಯಿಸುತ್ತಿದ್ದ ಸ್ಥಾನಕ್ಕೆ, ‘ಸ್ವರ್ಗ’ವೆಂದು ಹೆಸರು. ನಮ್ಮ ಟಾಕೀಸುಗಳ ಗಾಂಧಿ ಕ್ಲಾಸು ತೆರೆಗೆ ಸಮೀಪ, ಅವರದು ಆಕಾಶಕ್ಕೆ ಸಮೀಪ. ಕುಳಿತವರ ಮನೋಧರ್ಮ ಮಾತ್ರ ಒಂದೇ. 1945ರಲ್ಲಿ ತೆರೆಕಂಡ ‘ಸ್ವರ್ಗದ ಮಕ್ಕಳು’ ಎಂಬ ಫ್ರೆಂಚ್ ಚಿತ್ರಕ್ಕೆ ಆ ಹೆಸರು ಬಂದುದು ಈ ಮಾಳಿಗೆಯಿಂದ. ಅದರ ನಾಯಕನಾದ ಬಾತೀಸ್ತ್ ಎಂಬ ಮೂಕನಟನು ಹುಟ್ಟಿದ್ದಾದರೋ ಝಾನ್ ಲೂಯಿ ಬಾರೋ ಎಂಬ ನಟನ ದೇಹದಲ್ಲಿ.

ಬಾರೋ 1910ರಲ್ಲಿ ಪ್ಯಾರಿಸ್ಸಿನ ಸಮೀಪದ ಲ ವೆಜಿನೆಯಲ್ಲಿ ಜನಿಸಿದನು. ತಂದೆ ಔಷಧ ವ್ಯಾಪಾರಿ; ಮಗನು ಬಾಲಕನಾಗಿದ್ದಾಗಲೇ ತೀರಿಕೊಂಡವನು. ಶಾಲೆಯೊಂದರಲ್ಲಿ ಹುಡುಗರನ್ನು ಕಾಯುವ ಕೆಲಸ ಮಾಡುತ್ತಿದ್ದ ಈ ತರುಣನು ಶಾರ್ಲ್ ದ್ಯುಲ್ಯಾನ್ ಎಂಬ ಪ್ರಸಿದ್ಧ ನಟನಿಗೆ ಪತ್ರ ಬರೆದು, ಆತನ ‘ಅತೆಲಿಯೆ’ ರಂಗಶಾಲೆಯನ್ನು ಸೇರಿ, 1931ರ ಸೆಪ್ಟೆಂಬರ್ 8ರಂದು, ತನಗೆ ಇಪ್ಪತ್ತೊಂದು ತುಂಬಿದ ದಿನವೇ, ‘ವೊಲ್ಪೋನೆ’ ನಾಟಕದಲ್ಲಿ ಸೇವಕನ ಕಿರುಪಾತ್ರದಲ್ಲಿ ವೇದಿಕೆಯನ್ನೇರಿದನು. ಕೈಯಲ್ಲಿ ಕಾಸಿಲ್ಲದ ಕಾಲ. ಆ ನಾಟಕದಲ್ಲಿ ವೊಲ್ಪೋನೆ ಪವಡಿಸುವ ಮಂಚವು ಒಂದು ರಾತ್ರಿ ಈತನಿಗೇ ಶಯ್ಯೆಯಾಯಿತು. ನಿದ್ರೆಗೂ ನಾಟಕಕ್ಕೂ ನಡುವೆ ಪರದೆಯಷ್ಟೂ ಅಂತರವಿಲ್ಲದ ಬದುಕು ಅದು!

ಅಲ್ಲಿಯೇ ಎತಿಯೆನ್ ದೆಕ್ರೂ ಎಂಬಾತನ ಪರಿಚಯವಾಯಿತು. ನಮ್ಮ ಲಾಕ್ಷಣಿಕರು ವಾಚಿಕದೊಡನೆ ಆಂಗಿಕ, ಆಹಾರ್ಯ, ಸಾತ್ತ್ವಿಕಗಳನ್ನೂ ಎಣಿಸಿದರಷ್ಟೆ. ದೆಕ್ರೂವಿಗೆ ಆಂಗಿಕವೊಂದೇ ಸರ್ವಸ್ವ. ಗುರು ಶಿಷ್ಯರಿಬ್ಬರೂ ದಿನಗಟ್ಟಲೆ ಸೆಣಸಿ, ನಿಂತ ನೆಲವನ್ನು ಬಿಡದೆಯೇ ದೂರದಾರಿ ನಡೆಯುವಂತೆ ತೋರಿಸುವ ನಡಿಗೆಯನ್ನು ಸಾಧಿಸಿದರು. 1935ರಲ್ಲಿ ಬಾರೋ ಫಾಕ್ನರನ ಕಾದಂಬರಿಯೊಂದನ್ನು ಆಧರಿಸಿ ರಚಿಸಿದ ಪ್ರಯೋಗದಲ್ಲಿ ಪಳಗದ ಕುದುರೆಯೂ ತಾನೇ, ಅದನ್ನು ಪಳಗಿಸುವ ಸವಾರನೂ ತಾನೇ ಆದನು. ಅದನ್ನು ಕಂಡು ಅಂತೊನೆನ್ ಆರ್ತೋ ಎಂಬ ರಂಗಚಿಂತಕನು ಹೊಗಳಿ ಬರೆದನು.

ಯುದ್ಧದ ನಡುವೆ, ಫ್ರಾನ್ಸು ಜರ್ಮನರ ಹಿಡಿತದಲ್ಲಿದ್ದಾಗ, ನೀಸ್ ನಗರದಲ್ಲಿ ನಿರ್ದೇಶಕ ಮಾರ್ಸೆಲ್ ಕಾರ್ನೆ ಮತ್ತು ಕವಿ ಝಾಕ್ ಪ್ರೆವೇರ್ ಇವರೊಡನೆ ಮಾತನಾಡುತ್ತ ಬಾರೋ ಹಳೆಯ ಪ್ರಸಂಗವೊಂದನ್ನು ಹೇಳಿದನು. ಫ್ಯುನಾಂಬ್ಯುಲ್ ರಂಗಮಂದಿರದಲ್ಲಿ ಬಿಳಿಯ ಮೋರೆಯ ಪಿಯೆರೋ ಎಂಬ ವಿದೂಷಕನಾಗಿ ಪ್ಯಾರಿಸ್ಸನ್ನು ಮರುಳುಗೊಳಿಸಿದ್ದ ಝಾನ್ ಗಾಸ್ಪಾರ್ ದೆಬ್ಯುರೋ, 1836ರಲ್ಲಿ ಬೀದಿಯಲ್ಲಿ ತನ್ನನ್ನು ಹೀಯಾಳಿಸಿದ ಯುವಕನೊಬ್ಬನನ್ನು ಕೋಲಿನಿಂದ ಹೊಡೆಯಲು ಅವನು ಸತ್ತುಹೋದನು. ವಿಚಾರಣೆಯ ದಿನ, ಈ ಮೂಕನ ಕಂಠವು ಎಂತಹುದೆಂದು ಕೇಳಬೇಕೆಂಬ ಒಂದೇ ಕುತೂಹಲದಿಂದ ಜನರು ನ್ಯಾಯಾಲಯವನ್ನು ಮುತ್ತಿದರೆಂದು ಪ್ರತೀತಿ. ಪ್ರೆವೇರನಿಗೆ ಮೂಕಾಭಿನಯದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ; ಆದರೆ ಅದೇ ಕಾಲದವನೂ ಕೊಲೆಗಡುಕನೂ ಕವಿಯೂ ಆದ ಲಾಸನೇರನನ್ನು ಕುರಿತು ಬರೆಯುವ ಅವಕಾಶ ಅವನನ್ನು ಸೆಳೆಯಿತು.

ಹೀಗೆ, ದೆಬ್ಯುರೋವನ್ನೇ ಬಾತೀಸ್ತನನ್ನಾಗಿಸಿದ ‘ಸ್ವರ್ಗದ ಮಕ್ಕಳು’ ಚಿತ್ರದ ಚಿತ್ರೀಕರಣವು 1943ರಲ್ಲಿ ಆರಂಭವಾಯಿತು. ಯಹೂದ್ಯರಾದ ಅಲೆಕ್ಸಾಂದ್ರ್ ತ್ರೋನೇರ್ ದೃಶ್ಯಸಜ್ಜಿಕೆಯನ್ನೂ ಜೋಸೆಫ್ ಕೋಸ್ಮಾ ಸಂಗೀತವನ್ನೂ ಅಡಗಿಕೊಂಡೇ ರಚಿಸಿಕೊಟ್ಟರು. ಬಾತೀಸ್ತನ ತಂದೆಯ ಪಾತ್ರಕ್ಕೆ ಬಂದವನು ಸಾಕ್ಷಾತ್ ದೆಕ್ರೂ! ಕಾಳಜಿಯಿಂದ ಕಲಿಸಿದ ಗುರುವು ಮಗನನ್ನು ಜನರೆದುರು ದಡ್ಡನೆಂದು ಜರೆಯುವ ತಂದೆಯಾಗಿ ನಿಂತುದರಲ್ಲಿ ವಿನೋದವಿಲ್ಲದೆ ಇಲ್ಲ.

ಆ ದೃಶ್ಯವನ್ನು ನೆನೆಯಿರಿ: ರಂಗಮಂದಿರದ ಹೊರಗೆ ಬಾತೀಸ್ತ್ ಬೊಂಬೆಯಂತೆ ಕುಳಿತಿದ್ದಾನೆ. ಗುಂಪಿನಲ್ಲಿ ದಪ್ಪಹೊಟ್ಟೆಯ ಶ್ರೀಮಂತನೊಬ್ಬನ ಗಡಿಯಾರ ಕಳುವಾಗಿ, ಪಕ್ಕದಲ್ಲಿದ್ದ ಗಾರಾನ್ಸ್ ಎಂಬ ಹೆಣ್ಣಿನ ಮೇಲೆ ಆರೋಪ ಬೀಳುತ್ತದೆ. ತಾನು ಕಂಡೆನೆಂದು ಬಾತೀಸ್ತ್ ಎದ್ದು, ಒಂದೂ ಮಾತಿಲ್ಲದೆ, ಗಾಳಿಯಲ್ಲಿ ಹೊಟ್ಟೆಯೊಂದನ್ನು ಬರೆದು ಶ್ರೀಮಂತನಾಗುತ್ತಾನೆ. ನಡುವನ್ನು ಬಳುಕಿಸಿ ಗಾರಾನ್ಸಳಾಗುತ್ತಾನೆ. ಬೆರಳುಗಳನ್ನು ನುಸುಳಿಸಿ ಕಳ್ಳನಾಗುತ್ತಾನೆ. ಜನ ನಗುತ್ತಾರೆ, ಪೊಲೀಸಿನವನು ಆಕೆಯನ್ನು ಬಿಡುತ್ತಾನೆ, ಆಕೆ ಹೂವೊಂದನ್ನು ಎಸೆದು ಹೋಗುತ್ತಾಳೆ. ಸಾಕ್ಷಿ ನುಡಿದುದು ಶರೀರ. ಇಡೀ ಚಿತ್ರದಲ್ಲಿ ಇದಕ್ಕೆ ಮಿಗಿಲಾದ ದೃಶ್ಯವಿಲ್ಲವೆಂದು ನನ್ನ ಮತ.

ಮೂಕನೆಂದು ಲೋಕಪ್ರಸಿದ್ಧನಾದ ಈತನು ಮಾತಿನ ನಾಟಕಗಳಿಗೇ ಆಯುಷ್ಯವನ್ನು ತೆತ್ತನು. 1946ರಲ್ಲಿ ಪತ್ನಿ ಮಾದ್ಲೆನ್ ರೆನೋ ಅವಳೊಡನೆ ಸ್ವಂತ ಮಂಡಲಿಯನ್ನು ಸ್ಥಾಪಿಸಿದನು. 1959ರಿಂದ ಓದೆಯೋನ್ ರಂಗಮಂದಿರಕ್ಕೆ ನಿರ್ದೇಶಕನಾದನು. 1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳು ಅದನ್ನು ಆಕ್ರಮಿಸಿಕೊಂಡಾಗ, ತಾನು ಇನ್ನು ನಿರ್ದೇಶಕನಲ್ಲ, ಬರಿಯ ನಟನೆಂದು ವೇದಿಕೆಯ ಮೇಲಿಂದ ಸಾರಿ, ಸರ್ಕಾರದ ಅವಕೃಪೆಗೆ ಗುರಿಯಾಗಿ ಹುದ್ದೆಯನ್ನು ಕಳೆದುಕೊಂಡನು. ಆಮೇಲೆ ಕುಸ್ತಿಯ ಅಖಾಡದಲ್ಲಿಯೂ, ಪಾಳುಬಿದ್ದ ಓರ್ಸೆ ರೈಲು ನಿಲ್ದಾಣದಲ್ಲಿಯೂ, ಹಿಮದ ಮೇಲೆ ಜಾರಾಡುವ ಹಳೆಯ ಮಂದಿರವೊಂದರಲ್ಲಿಯೂ ನಾಟಕವಾಡಿಸಿದನು. 1994ರ ಜನವರಿಯಲ್ಲಿ ಬಾರೋ ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೆನೋ.

ಮೂರು ಗಂಟೆಗೂ ಮೀರಿದ ಆ ಚಿತ್ರವನ್ನು ನೋಡಲು ಕುಳಿತ ವಾಚಕರು ದೆಬ್ಯುರೋವಿನ ವಿಚಾರಣೆಯನ್ನು ಕಾಯುತ್ತ ಕೂರಬೇಕಾಗಿಲ್ಲ. ಬಾರೋ ಹೇಳಿದ ಆ ನ್ಯಾಯಾಲಯದ ಪ್ರಸಂಗವು ಚಿತ್ರದಲ್ಲೆಲ್ಲಿಯೂ ಇಲ್ಲ.