ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ ನೋವು

ಭಾನುವಾರ ನಂದಿಬೆಟ್ಟವನ್ನು ಓಡಿ ಹತ್ತಿ ಓಡಿ ಇಳಿದವರಿಗೆ ಸೋಮವಾರ ಮನೆಯ ಮೆಟ್ಟಿಲೇ ಬೆಟ್ಟ. ಕಂಬಿ ಹಿಡಿದು, ಮಗ್ಗುಲಾಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಓಟದ ಕೋಚ್ ಆಗಬೇಕು, ಜೊತೆಗೆ ಕ್ರೀಡಾ ಮಸಾಜನ್ನೂ ಕಲಿಯಬೇಕು ಎಂದು ಹೊರಟವರಿಗೆ ಮೊದಲ ಪಾಠ ಆ ಮೆಟ್ಟಿಲ ಮೇಲೇ ಇದೆ.

ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರಕ್ಕೆ ಬ್ರೇಕು ಹಾಕುತ್ತಾ, ಬಿಗಿ ಬಿಡದೆಯೇ ಉದ್ದವಾಗಬೇಕು. ಅಟ್ಟದಿಂದ ಅಕ್ಕಿ ಮೂಟೆಯನ್ನು ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದ ಹಾಗೆ. ಈ ಎಳೆದಾಟದಲ್ಲಿ ಸ್ನಾಯುವಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಿಯುತ್ತವೆ. ನೋವು ಮಾತ್ರ ನಿಧಾನಕ್ಕೆ ಬಂದು, 24ರಿಂದ 72 ಗಂಟೆಗಳ ನಡುವೆ ಜೋರಾಗುತ್ತದೆ. ಒಳಗೆಲ್ಲೋ ಹರಿದಿರಬೇಕೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಲ್ಲೇ ಊಹಿಸಿದ್ದ.

ಆದರೂ ಮೈದಾನದಲ್ಲಿ ಇವತ್ತಿಗೂ ಕೇಳುವ ಮಾತು: "ಲ್ಯಾಕ್ಟಿಕ್ ಆಸಿಡ್ ಕಟ್ಕೊಂಡಿದೆ, ಮಸಾಜ್ ಮಾಡಿಸಿದ್ರೆ ಇಳಿದೋಗುತ್ತೆ." ಆ ಆಸಿಡ್ ರಕ್ತದಲ್ಲಿರುವುದು ಲ್ಯಾಕ್ಟೇಟ್ ಆಗಿ; ಓಟ ನಿಂತ ಸುಮಾರು ಒಂದು ಗಂಟೆಯಲ್ಲಿ ಅದು ಮಾಮೂಲಿ ಮಟ್ಟಕ್ಕೆ ಬಂದಿರುತ್ತದೆ. ಅದು ಕಸವೂ ಅಲ್ಲ. ಹೃದಯ ಅದನ್ನೇ ಉರುವಲಾಗಿ ಬಳಸುತ್ತದೆ. ಇನ್ನು ತಿಕ್ಕಿ ಇಳಿಸುವ ಮಾತು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ, ಮುಷ್ಟಿ ಬಿಗಿದು ದಣಿದವರ ಮುಂಗೈ ನೀವಿ ಅಳೆದು ನೋಡಿದರು. ರಕ್ತದ ಹರಿವು ಹೆಚ್ಚಲಿಲ್ಲ, ಕುಗ್ಗಿತು. ಒತ್ತುವ ಕೈಯೇ ರಕ್ತನಾಳಕ್ಕೆ ಅಡ್ಡಗಾಲು!

ಹಾಗಾದರೆ ಮಸಾಜ್ ದಂಡವೇ? ಅದೂ ಅಲ್ಲ. 2012ರಲ್ಲಿ ಅದೇ ದೇಶದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಯುವಕರನ್ನು ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ಕಾಲಿನಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಲ್ಯಾಕ್ಟೇಟಿನಲ್ಲಿ ವ್ಯತ್ಯಾಸವಿರಲಿಲ್ಲ, ಆದರೆ ತಿಕ್ಕಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗಲೂ ಅಷ್ಟೇ: ವೇಗ, ಬಲ ಹೆಚ್ಚುವ ಪುರಾವೆ ಇಲ್ಲ, ನೋವು ಕೊಂಚ ಕಡಿಮೆ. ನನಗಂತೂ ಇಷ್ಟು ಸಾಕು. ದೀಪಾವಳಿಗೆ ಅಜ್ಜಿ ಎಣ್ಣೆ ತಿಕ್ಕಿದ್ದು ನಾವು ಜೋರಾಗಿ ಓಡಲಿ ಅಂತಲ್ಲವಲ್ಲ.

ಕೋಚ್ ಬಳಿ ಇದಕ್ಕಿಂತ ಗಟ್ಟಿ ಮದ್ದಿದೆ. ಮೊದಲು ಸ್ವಲ್ಪವೇ ಇಳಿಜಾರು ಓಡಿಸಿದರೆ ಸ್ನಾಯು ಪಳಗುತ್ತದೆ. ಮುಂದಿನ ಕೆಲವು ವಾರ ಅದೇ ಇಳಿಜಾರು ಅಷ್ಟು ಕಾಡುವುದಿಲ್ಲ. ಹೆಜ್ಜೆ ಗಿಡ್ಡ ಮಾಡಿಸಿ, ನಿಮಿಷಕ್ಕಿಡುವ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಹೊರೆಯೂ ಇಳಿಯುತ್ತದೆ.

ಇಷ್ಟಾಗಿ, ತಿಕ್ಕುವ ಕೈಗೆ ತಿಕ್ಕಬಾರದ್ದೂ ಗೊತ್ತಿರಬೇಕು. ತೊಡೆಯಿಡೀ ಹರಡಿದ ನೋವಿಗೆ ಹೆದರಬೇಕಿಲ್ಲ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಗಲದ ಒಂದೇ ಜಾಗ ಮುಟ್ಟಿದ ಕೂಡಲೇ ಓಟಗಾರ ಹೌಹಾರಿದರೆ, ಎಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು; ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರ ಒಂದೇ ಮೀನಖಂಡ ಊದಿ, ಬಿಸಿಯಾಗಿದ್ದರಂತೂ ರಕ್ತ ಹೆಪ್ಪುಗಟ್ಟಿರುವ ಅನುಮಾನ. ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಆಗ ಎಣ್ಣೆ ಬಾಟಲಿಗೆ ಮುಚ್ಚಳ ಹಾಕಿ, ಆಟೋ ಕರೆದು ಅವರನ್ನು ಆಸ್ಪತ್ರೆಗೆ ಕಳಿಸಬೇಕು.