ಏಜೆಂಟ್‌ನ ಖರ್ಚಿನ ಲೆಕ್ಕ: ನಂಬಿಕೆ ಏನು, ನಿಜ ಏನು?

ಕೋಡ್ ಬರೆಯಲು, ಮೇಲ್ ವಿಂಗಡಿಸಲು, ವರದಿ ಸಿದ್ಧಪಡಿಸಲು ಎಐ ಏಜೆಂಟ್‌ಗಳನ್ನು ಹಚ್ಚುವ ಕಂಪನಿಗಳಿಗೆ ಪ್ರತಿ ಹೆಜ್ಜೆಗೂ ಬಿಲ್ ಏರುತ್ತದೆ. ಹಾಗಾಗಿ ಖಾತೆಯಲ್ಲಿ ಎಷ್ಟು ಬಳಕೆಯಾಯಿತು, ಎಷ್ಟು ಉಳಿದಿದೆ ಎಂದು ಏಜೆಂಟೇ ವಿಚಾರಿಸಿಕೊಳ್ಳಲು ಒಂದು ‘ಯೂಸೇಜ್ ಟೂಲ್’ ಕೊಡಲಾಗುತ್ತದೆ. ಇಂಥ ಟೂಲ್ ಕಟ್ಟುವುದು ಕಷ್ಟದ ಕೆಲಸವೇನಲ್ಲ. ಎಡವುವುದು ಅದರ ಜೊತೆಗಿನ ವಿವರಣೆಯಲ್ಲಿ. ಟೂಲ್ ಬಗ್ಗೆ ಏಜೆಂಟ್‌ಗೆ ತಿಳಿಯುವುದು ಅಲ್ಲಿ ಬರೆದಷ್ಟೇ. ಬರೆಯುವವರ ತಪ್ಪು ಕಲ್ಪನೆಗಳು ನೇರವಾಗಿ ಏಜೆಂಟ್‌ನ ನಿರ್ಧಾರಗಳಾಗುತ್ತವೆ.

ತಪ್ಪು ಕಲ್ಪನೆ: ತನ್ನ ಖರ್ಚು ಏಜೆಂಟ್‌ಗೆ ತಾನಾಗಿಯೇ ಗೊತ್ತಿರುತ್ತದೆ.

ಸತ್ಯ: ಏಜೆಂಟ್‌ನ ಹಿಂದಿರುವ ಭಾಷಾ ಮಾದರಿಯ ಪ್ರತಿ ಉತ್ತರದೊಂದಿಗೆ ಎಷ್ಟು ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ಚೂರು) ಒಳಹೋಯಿತು, ಎಷ್ಟು ಹೊರಬಂತು ಎಂಬ ಲೆಕ್ಕ ಬರುವುದೇನೋ ಹೌದು. ಆದರೆ ಅದು ಸೇರುವುದು ಮಾದರಿಯನ್ನು ನಡೆಸುವ ಪ್ರೋಗ್ರಾಮ್‌ಗೆ. ಪ್ರೋಗ್ರಾಮ್ ತಿರುಗಿ ಹೇಳದಿದ್ದರೆ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಆಗ ‘ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ನಂಬುವಂಥ ಒಂದು ಸಂಖ್ಯೆ ಬರಬಹುದು, ಬಿಲ್ಲಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಊಹೆ ತಪ್ಪಲು ಇನ್ನೊಂದು ಕಾರಣವೂ ಇದೆ: ಸಾಮಾನ್ಯವಾಗಿ ಏಜೆಂಟ್ ಪ್ರತಿ ಹೆಜ್ಜೆಯಲ್ಲೂ ಹಿಂದಿನ ಸಂಭಾಷಣೆಯನ್ನು ಮತ್ತೆ ಕಳಿಸುತ್ತದೆ. ಇಪ್ಪತ್ತನೇ ಪ್ರಶ್ನೆ ಒಂದೇ ಸಾಲಿನದಾದರೂ ಹಿಂದಿನ ಹತ್ತೊಂಬತ್ತರ ಟೋಕನ್‌ಗಳು ಅದರ ಲೆಕ್ಕಕ್ಕೆ ಸೇರುತ್ತವೆ.

ತಪ್ಪು ಕಲ್ಪನೆ: ಪದಗಳನ್ನು ಎಣಿಸಿದರೆ ಖರ್ಚು ಅಂದಾಜಾಗುತ್ತದೆ.

ಸತ್ಯ: ಟೋಕನ್ ಎಂದರೆ ಪದವಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ 3 ಬೇಕು. ‘ಕ್ಷ’ ಬರೆಯಲು ಕ, ಹಲಂತ ಚಿಹ್ನೆ (್), ಷ ಎಂಬ ಮೂರು ಚಿಹ್ನೆಗಳು, ಒಟ್ಟು 9 ಬೈಟ್. ಬೈಟ್‌ಗಳನ್ನು ಜೋಡಿಸಿ ಟೋಕನ್ ಮಾಡುವ ಹಳೆಯ ಟೋಕನೈಸರ್‌ಗಳು ಭಾರತೀಯ ಭಾಷೆಗಳನ್ನು ಚೂರುಚೂರು ಮಾಡುತ್ತಿದ್ದವು. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ಕೊಟ್ಟ ಹೋಲಿಕೆಯಲ್ಲಿ, ತೆಲುಗಿನ ಒಂದೇ ಮಾದರಿ ಪಠ್ಯಕ್ಕೆ ಮೊದಲು 159 ಟೋಕನ್ ಬೇಕಿತ್ತು, ಹೊಸ ಟೋಕನೈಸರ್‌ನಲ್ಲಿ 45 ಸಾಕಾಯಿತು. ಹಾಗಾಗಿ ಯೂಸೇಜ್ ಟೂಲ್ ಕೊಡುವ ವರದಿಯಲ್ಲಿ ‘ಬಳಕೆ: 48,000’ ಎಂದಷ್ಟೇ ಇದ್ದರೆ ಅದು ಟೋಕನ್ನೋ, ಕರೆಗಳೋ, ಹಣವೋ ತಿಳಿಯದು. ಒಳಹೋಗುವ ಮತ್ತು ಹೊರಬರುವ ಟೋಕನ್‌ಗಳ ದರವೂ ಸಾಮಾನ್ಯವಾಗಿ ಬೇರೆ ಬೇರೆ. ವಿವರಣೆ ಇವೆರಡನ್ನೂ ಪ್ರತ್ಯೇಕವಾಗಿ ಹೆಸರಿಸಲೇಬೇಕು.

ತಪ್ಪು ಕಲ್ಪನೆ: ವರದಿಯ ಅಂಕಿ ಈ ಕ್ಷಣದ್ದು, ಕೇಳಲು ಖರ್ಚಿಲ್ಲ.

ಸತ್ಯ: ಎರಡೂ ಆಯಾ ಸೇವೆಯನ್ನು ಅವಲಂಬಿಸಿವೆ. ಕೋಡ್ ಇಡುವ ತಾಣ ಗಿಟ್‌ಹಬ್‌ನ ಎಪಿಐನಲ್ಲಿ (ಪ್ರೋಗ್ರಾಮ್‌ಗಳು ಸೇವೆ ಕೇಳುವ ದಾರಿ) ಗುರುತು ದೃಢಪಟ್ಟ ಬಳಕೆದಾರರಿಗೆ ಸಾಮಾನ್ಯವಾಗಿ ಗಂಟೆಗೆ 5,000 ಕರೆಗಳ ಮಿತಿ. ಎಷ್ಟು ಉಳಿದಿದೆ ಎಂದು ವಿಚಾರಿಸುವ ಕರೆ ಆ ಮಿತಿಯಲ್ಲಿ ಎಣಿಕೆಯಾಗುವುದಿಲ್ಲ. ಈ ಮಾತನ್ನು ಗಿಟ್‌ಹಬ್ ತನ್ನ ದಸ್ತಾವೇಜಿನಲ್ಲಿ ಬರೆದೇ ಇಟ್ಟಿದೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನಲ್ಲಿ ಖರ್ಚು ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್ ಎಪಿಐಗೆ ಮಾತ್ರ ಪ್ರತಿ ಕರೆಗೂ 0.01 ಡಾಲರ್. ಅಲ್ಲಿನ ಖರ್ಚಿನ ಮಾಹಿತಿ ಹೊಸದಾಗುವುದು 24 ಗಂಟೆಗೆ ಕನಿಷ್ಠ ಒಮ್ಮೆ. ಇದನ್ನು ತಿಳಿಯದ ಏಜೆಂಟ್ ನಿಮಿಷಕ್ಕೊಮ್ಮೆ ಲೆಕ್ಕ ಕೇಳುತ್ತಾ ಕೂತರೆ ದಿನಕ್ಕೆ 1,440 ಕರೆ, 14.40 ಡಾಲರ್. ಅಷ್ಟು ಸುರಿದರೂ ಬಹುತೇಕ ಸಲ ಕೈಗೆ ಬರುವುದು ಹಳೆಯ ಅಂಕಿಯೇ.

‘ಇಂದು’ ಎಂಬುದನ್ನೂ ಬಿಡಿಸಿ ಹೇಳಬೇಕು. ಇಂಥ ಹಲವು ವರದಿಗಳು ದಿನವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಪ್ರಕಾರ ಅಳೆಯುತ್ತವೆ. ಆ ದಿನ ಭಾರತದಲ್ಲಿ ಶುರುವಾಗುವುದು ಬೆಳಿಗ್ಗೆ 5.30ಕ್ಕೆ. ಬೆಂಗಳೂರಿನಲ್ಲಿ ಮಂಗಳವಾರ ನಸುಕಿನ 4 ಗಂಟೆಗೆ ಆದ ಕೆಲಸ ಸೋಮವಾರದ ಲೆಕ್ಕಕ್ಕೆ ಹೋಗುತ್ತದೆ.

ತಪ್ಪು ಕಲ್ಪನೆ: ‘ಮಿತಿ ಮೀರಿದೆ’ ಎಂದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸುವುದು.

ಸತ್ಯ: 2012ರಲ್ಲಿ ಮಾನಕವಾದ ಎಚ್‌ಟಿಟಿಪಿ 429 ಎಂಬ ದೋಷ ಸಂಕೇತದ ಅರ್ಥ ‘ಅತಿಯಾದ ಕರೆಗಳು’. ಎಷ್ಟು ಹೊತ್ತು ಕಾಯಬೇಕೆಂದು ಸರ್ವರ್ ಅದರ ಜೊತೆ ಹೇಳಬಹುದು. ಆದರೆ ಓಪನ್‌ಎಐ ಎಪಿಐನಲ್ಲಿ ಕರೆಗಳ ವೇಗ ಹೆಚ್ಚಾದಾಗಲೂ 429, ಖಾತೆಯ ಕೋಟಾ ಮುಗಿದಾಗಲೂ 429. ಮೊದಲನೆಯದಕ್ಕೆ ಕಾದರೆ ಸಾಕು. ಎರಡನೆಯದಕ್ಕೆ ಇಡೀ ರಾತ್ರಿ ಕಾದರೂ ಪ್ರಯೋಜನವಿಲ್ಲ, ಯಾರಾದರೂ ಹಣ ತುಂಬಬೇಕು ಅಥವಾ ಮಿತಿ ಏರಿಸಬೇಕು. ಸಂಕೇತದ ಜೊತೆಗಿನ ಸಂದೇಶದಿಂದ ಇವೆರಡನ್ನು ಗುರುತಿಸುವುದು ಹೇಗೆ, ಯಾವುದು ಬಂದಾಗ ಕೆಲಸ ನಿಲ್ಲಿಸಬೇಕು ಎಂಬುದನ್ನು ವಿವರಣೆಯಲ್ಲಿ ಬರೆದಿರಬೇಕು.

ತಪ್ಪು ಕಲ್ಪನೆ: ಬಜೆಟ್ ಹಾಕಿಟ್ಟರೆ ಖರ್ಚು ಅಲ್ಲಿಗೇ ನಿಲ್ಲುತ್ತದೆ.

ಸತ್ಯ: ಗೂಗಲ್ ಕ್ಲೌಡ್‌ನಲ್ಲಿ ಬಜೆಟ್ ಎಂದರೆ ಎಚ್ಚರಿಕೆ ಮಾತ್ರ, ಅದು ಬಳಕೆಗೆ ತಾನಾಗಿ ಕಡಿವಾಣ ಹಾಕುವುದಿಲ್ಲ. ನಿಲ್ಲಿಸುವ ವ್ಯವಸ್ಥೆಯನ್ನು ಬೇರೆಯಾಗಿ ಮಾಡಿಕೊಳ್ಳಬೇಕು.

ತಪ್ಪು ಕಲ್ಪನೆ: ವಿವರಣೆ ಉದ್ದವಾದಷ್ಟೂ ಒಳ್ಳೆಯದು.

ಸತ್ಯ: ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಮಾದರಿಗಳಿಗೆ ಟೂಲ್‌ಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೋಕಾಲ್‌ನಲ್ಲಿ ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಒಟ್ಟಿಗೆ ಇರುತ್ತವೆ. ಸಾಮಾನ್ಯವಾಗಿ ಇವೆಲ್ಲ ಮಾದರಿಗೆ ಹೋಗುವ ಪಠ್ಯದಲ್ಲೇ ಸೇರಿ ಟೋಕನ್ ತಿನ್ನುತ್ತವೆ. ಎರಡು ಪುಟದ ಪೀಠಿಕೆ ಇಲ್ಲಿ ದುಬಾರಿ, ‘ಖಾತೆಯ ಬಳಕೆಯನ್ನು ಕೊಡುತ್ತದೆ’ ಎಂಬ ಒಂದೇ ಸಾಲು ನಿಷ್ಪ್ರಯೋಜಕ. ಕೆಲಸಕ್ಕೆ ಬರುವ ವಿವರಣೆ ಹೀಗಿರಬಹುದು: ‘ಈ ತಿಂಗಳು ಖಾತೆಯಲ್ಲಿ ಖರ್ಚಾದ ಮತ್ತು ಉಳಿದ ಮೊತ್ತವನ್ನು ಡಾಲರ್‌ನಲ್ಲಿ ಕೊಡುತ್ತದೆ. ದಿನದ ಗಡಿ ಯುಟಿಸಿ. ಅಂಕಿ 24 ಗಂಟೆಯಷ್ಟು ಹಳೆಯದಿರಬಹುದು. ಪ್ರತಿ ಕರೆಗೆ 0.01 ಡಾಲರ್. ದೊಡ್ಡ ಕೆಲಸಕ್ಕೆ ಮುನ್ನ ಒಮ್ಮೆ ಮಾತ್ರ ಬಳಸು. ಉಳಿಕೆ ಸಾಲದಿದ್ದರೆ ನಿಲ್ಲಿಸಿ ಬಳಕೆದಾರರಿಗೆ ತಿಳಿಸು.’

ದರವೋ ನಿಯಮವೋ ಬದಲಾದ ದಿನವೇ ಈ ಸಾಲುಗಳನ್ನೂ ತಿದ್ದಬೇಕು. ಇಲ್ಲದಿದ್ದರೆ ಏಜೆಂಟ್ ಹಳೆಯ ದರವನ್ನೇ ನಂಬಿ ಹೊಸ ಬಿಲ್ ಬೆಳೆಸುತ್ತಿರುತ್ತದೆ.